ತಿರುವಿನಲ್ಲಿ ಟೈರ್ ಕೈಕೊಡುವುದು ಯಾಕೆ: ಮೌಂಟನ್ ಬೈಕ್ ಟೈರ್ ಆರಿಸುವ ಬಗೆ

ಮೌಂಟನ್ ಬೈಕಿಗೆ ಹೊಸ ಟೈರ್ ನೋಡಲು ಹೊರಟವರ ಕಣ್ಣು ಮೊದಲು ಹೋಗುವುದು ಮೇಲಿನ ರಬ್ಬರ್ ಉಬ್ಬುಗಳ ಕಡೆಗೆ, ಅಂದರೆ ನಾಬ್‌ಗಳ ಕಡೆಗೆ. ನಾಬ್ ದೊಡ್ಡದಿದ್ದಷ್ಟೂ ಹಿಡಿತ ಜಾಸ್ತಿ ಎನ್ನುವ ನಂಬಿಕೆ ಎಲ್ಲೆಡೆ ಇದೆ. ಅದು ಅರ್ಧ ಮಾತ್ರ ನಿಜ. ತಿರುವಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವುದು ಟೈರಿನ ಅಂಚಿನ ನಾಬ್‌ಗಳೇ ಹೌದು. ಆದರೆ ಆ ನಾಬ್ ಕೆಲಸ ಮಾಡಬೇಕಾದರೆ ಅದರ ಹಿಂದೆ ಬಾಗದೆ ನಿಲ್ಲುವ ಪಕ್ಕದ ಗೋಡೆ, ಸರಿಯಾದ ಗಾಳಿ, ನೆಲಕ್ಕೆ ತಕ್ಕ ರಬ್ಬರ್ ಮೂರೂ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟೇ ದುಬಾರಿ ಟೈರ್ ಆಗಲಿ, ತಿರುವಿನ ನಡುವೆ ಕೈಕೊಡುತ್ತದೆ.

ಮಣ್ಣಿಗೆ ಒಂದು ಲೆಕ್ಕ, ಕಲ್ಲಿಗೆ ಇನ್ನೊಂದು

ಹಿಡಿತ ಹುಟ್ಟುವುದು ಎರಡು ರೀತಿಯಲ್ಲಿ. ಮೆತ್ತನೆಯ ಮಣ್ಣಿನಲ್ಲಿ ನಾಬ್ ಒಳಗಿಳಿಯುತ್ತದೆ, ಅದರ ಚೂಪಾದ ಅಂಚು ಮಣ್ಣಿಗೆ ಒತ್ತಿಕೊಂಡು ನಿಲ್ಲುತ್ತದೆ. ಅಲ್ಲಿ ಟೈರ್ ಜಾರಬೇಕಾದರೆ ನಾಬಿನ ಎದುರಿಗಿರುವ ಮಣ್ಣೇ ಕಿತ್ತು ಬರಬೇಕು. ಹಾಗಾಗಿ ನಾಬಿನ ಎತ್ತರ, ಅಂಚಿನ ಹರಿತ, ನಾಬ್‌ಗಳ ನಡುವಿನ ಜಾಗ ಇವೇ ಮುಖ್ಯವಾಗುತ್ತವೆ.

ಬಂಡೆ ಮತ್ತು ಮರದ ಬೇರಿನ ಮೇಲೆ ಇಳಿಯಲು ಜಾಗವೇ ಇಲ್ಲ. ಅಲ್ಲಿ ರಬ್ಬರ್ ಕಲ್ಲಿನ ಸಣ್ಣ ಸಣ್ಣ ತಗ್ಗುದಿಣ್ಣೆಗೆ ಹೊಂದಿಕೊಂಡು ಅಂಟಬೇಕು. ಎತ್ತರದ ನಾಬ್ ಅಲ್ಲಿ ಉಪಕಾರ ಮಾಡುವ ಬದಲು ತೊಂದರೆ ಕೊಡುತ್ತದೆ. ಭಾರ ಬಿದ್ದ ಕೂಡಲೇ ಬುಡದಿಂದ ಮಡಚಿಕೊಳ್ಳುತ್ತದೆ, ಸವಾರನಿಗೆ ಟೈರ್ ತೇಲಾಡಿದಂತೆ ಅನ್ನಿಸುತ್ತದೆ. ಕೆಸರಿಗೆಂದೇ ಮಾಡಿದ ಮೊಳೆಯಂಥ ಟೈರುಗಳು ಒದ್ದೆ ಬಂಡೆಯ ಮೇಲೆ ಸವಾರರನ್ನು ಬೀಳಿಸುವುದು ಇದೇ ಕಾರಣಕ್ಕೆ. ಅಲ್ಲಿ ಬೇಕಾದದ್ದು ಮೃದುವಾದ ರಬ್ಬರ್ ಮತ್ತು ನೆಲಕ್ಕೆ ತಾಗುವ ಅಗಲ.

ಈ ಎರಡನ್ನೂ ತಿಳಿದುಕೊಂಡು ನೀವು ಹೆಚ್ಚಾಗಿ ಓಡಿಸುವ ಹಾದಿಯನ್ನು ನೋಡಿ. ನೆಲ ಗಟ್ಟಿಯಾಗಿ, ಒಣಗಿ, ನಯವಾಗಿದ್ದರೆ 2ರಿಂದ 3 ಮಿಲಿಮೀಟರ್ ಎತ್ತರದ, ಒತ್ತೊತ್ತಾಗಿ ಕೂತ ನಾಬ್ ಸಾಕು. ಕಾಡಿನ ತೇವ ಮಣ್ಣಿಗೆ 4ರಿಂದ 5 ಮಿಲಿಮೀಟರ್ ಎತ್ತರ, ನಡುವೆ ಸಾಕಷ್ಟು ಜಾಗ. ನಿಜವಾದ ಕೆಸರಿಗೆ 6 ಮಿಲಿಮೀಟರಿಗಿಂತ ಎತ್ತರದ, ದೂರದೂರ ನಿಂತ ನಾಬ್ ಬೇಕು. ಇಲ್ಲದಿದ್ದರೆ ಕೆಸರು ನಡುವಿನ ಜಾಗದಲ್ಲಿ ತುಂಬಿಕೊಂಡು ಟೈರ್ ಒಂದೇ ಸುತ್ತಿನಲ್ಲಿ ನುಣ್ಣಗಾಗುತ್ತದೆ. ಕೆಸರಿನಲ್ಲಿ ಅಗಲ ಟೈರಿಗಿಂತ ತುಸು ಕಿರಿದಾದ ಟೈರೇ ಮೇಲು. ಅದು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಗಟ್ಟಿ ನೆಲದ ಮೇಲೆ ತೆಳುವಾಗಿ ಹರಡಿದ ಧೂಳು ಅಥವಾ ಸಣ್ಣ ಜಲ್ಲಿ. ಮೇಲಿನ ಪದರ ಉರುಳುತ್ತದೆ, ಕೆಳಗಿನ ಪದರಕ್ಕೆ ನಾಬ್ ಇಳಿಯುವುದಿಲ್ಲ. ತೀರಾ ಎತ್ತರದ ನಾಬ್ ಗಟ್ಟಿ ನೆಲದ ಮೇಲೆ ಬಾಗುತ್ತದೆ, ತೀರಾ ಗಿಡ್ಡದ್ದು ಧೂಳಿನ ಮೇಲೇ ತೇಲುತ್ತದೆ. ಇಲ್ಲಿ ಮಧ್ಯಮ ಎತ್ತರದ, ಬುಡ ದಪ್ಪಗಿರುವ, ಅಂಚು ಚೂಪಾಗಿರುವ ನಾಬ್ ಆರಿಸಿ. ಹಾಗೆ ಆರಿಸಿದರೂ ಒದ್ದೆ ಮಣ್ಣಿನಲ್ಲಿ ಸಿಗುವ ಭರವಸೆಯನ್ನು ಇಂಥ ಹಾದಿಯಲ್ಲಿ ನಿರೀಕ್ಷಿಸಬೇಡಿ.

ವಾಲಿದಾಗ ಏನಾಗುತ್ತದೆ

ಟೈರನ್ನು ಎದುರಿನಿಂದ ನೋಡಿದರೆ ನಾಬ್‌ಗಳು ಮೂರು ಸಾಲಿನ ಗುಂಪಾಗಿ ಕಾಣುತ್ತವೆ. ನಡುವಿನವು ನೇರ ಓಟಕ್ಕೆ, ಬ್ರೇಕಿಗೆ, ಏರುವಾಗಿನ ತಳ್ಳುವಿಕೆಗೆ. ಅಂಚಿನವು ತಿರುವಿಗೆ. ಇವೆರಡರ ನಡುವೆ ಕೆಲವು ಟೈರುಗಳಲ್ಲಿ ಮಧ್ಯಂತರ ನಾಬ್‌ಗಳಿರುತ್ತವೆ, ಇನ್ನು ಕೆಲವದರಲ್ಲಿ ಬರೀ ಖಾಲಿ ಕಾಲುವೆ. ತಿರುವಿನ ಸ್ವಭಾವವೆಲ್ಲ ಈ ಕಾಲುವೆಯಲ್ಲೇ ಅಡಗಿದೆ.

ಕಾಲುವೆ ಅಗಲವಾಗಿರುವ ಟೈರಿಗೆ ಮ್ಯಾಕ್ಸಿಸ್ ಕಂಪನಿಯ ಮಿನಿಯನ್ ಡಿಎಚ್‌ಎಫ್ ಹೆಸರುವಾಸಿ ಉದಾಹರಣೆ. ಬೈಕನ್ನು ಪೂರ್ತಿ ವಾಲಿಸಿದರೆ ಅಂಚಿನ ನಾಬ್‌ಗಳು ತಡೆಯಿಲ್ಲದೆ ಮಣ್ಣಿಗಿಳಿಯುತ್ತವೆ, ಹಿಡಿತ ಗಟ್ಟಿ. ಆದರೆ ಅರೆಮನಸ್ಸಿನಿಂದ ಅರ್ಧ ವಾಲಿಸಿದಾಗ ಭಾರ ಬೀಳುವುದು ಖಾಲಿ ಜಾಗದ ಮೇಲೆ. ನಡುವಿನ ನಾಬ್ ಬಿಟ್ಟಿತು, ಅಂಚಿನದು ಇನ್ನೂ ಸಿಕ್ಕಿಲ್ಲ. ಆ ಕ್ಷಣದಲ್ಲಿ ಮುಂದಿನ ಚಕ್ರ ಸ್ವಲ್ಪ ಜಾರಿ, ಆಮೇಲೆ ಹಿಡಿಯುತ್ತದೆ. ಅಭ್ಯಾಸವಿದ್ದವರಿಗೆ ಇದು ಸೂಚನೆ, ಹೊಸಬರಿಗೆ ಎದೆ ಝಲ್ಲೆನ್ನುವ ಕ್ಷಣ. ಅದೇ ಕಂಪನಿಯ ಅಸೆಗಾಯ್ ಟೈರನ್ನು ಡೌನ್‌ಹಿಲ್ (ಕಡಿದಾದ ಇಳಿಜಾರಿನ ಓಟ) ಸ್ಪರ್ಧಿ ಗ್ರೆಗ್ ಮಿನಾರ್ ಜೊತೆಗೂಡಿ ರೂಪಿಸಲಾಯಿತು. ಅದರಲ್ಲಿ ಮಧ್ಯಂತರ ನಾಬ್‌ಗಳು ಆ ಜಾಗವನ್ನು ತುಂಬುತ್ತವೆ. ಎಷ್ಟು ವಾಲಿಸಿದರೂ ಹಿಡಿತ ಹೆಚ್ಚುಕಡಿಮೆ ಒಂದೇ ಸಮ, ಆದರೆ ಉರುಳುವುದು ನಿಧಾನ.

ಹಾಗಾಗಿ ಪ್ರಶ್ನೆ ಯಾವ ಟೈರ್ ಶ್ರೇಷ್ಠ ಎನ್ನುವುದಲ್ಲ, ನೀವು ಬೈಕನ್ನು ಎಷ್ಟು ವಾಲಿಸುತ್ತೀರಿ ಎನ್ನುವುದು. ಇದಕ್ಕೆ ಉತ್ತರ ಹಳೆಯ ಟೈರಿನಲ್ಲೇ ಬರೆದಿರುತ್ತದೆ. ಮುಂದಿನ ಚಕ್ರ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅಂಚಿನ ನಾಬ್‌ಗಳ ಹೊರಮೈ ಮಂಕಾಗಿ, ಉಜ್ಜಿದ ಗುರುತು ಕಾಣುತ್ತಿದ್ದರೆ ನೀವು ಅವನ್ನು ಬಳಸುತ್ತಿದ್ದೀರಿ. ಎಷ್ಟೋ ಸಲ ಓಡಿಸಿದ ಮೇಲೂ ಅಲ್ಲಿ ಕಾರ್ಖಾನೆಯ ಹೊಳಪು ಮತ್ತು ಸೂಜಿಯಂಥ ರಬ್ಬರ್ ಎಳೆಗಳು ಹಾಗೇ ನಿಂತಿದ್ದರೆ ಅಂಚಿನ ನಾಬ್‌ಗಳಿಗೆ ಕೆಲಸವೇ ಸಿಕ್ಕಿಲ್ಲ. ಅಂಥವರು ಅಗಲ ಕಾಲುವೆಯ ಟೈರಿಗಿಂತ ಮಧ್ಯಂತರ ನಾಬ್ ಇರುವ ಟೈರ್ ಹಾಕಿಕೊಳ್ಳುವುದೇ ಒಳ್ಳೆಯದು.

ನಾಬಿನ ಮೇಲೆ ಕೊರೆದ ಸಣ್ಣ ಸೀಳುಗಳನ್ನೂ ಗಮನಿಸಿ. ಸೀಳಿದ್ದಲ್ಲಿ ನಾಬ್ ಸ್ವಲ್ಪ ಬಿಚ್ಚಿಕೊಂಡು ಅಂಚುಗಳು ಹೆಚ್ಚುತ್ತವೆ, ಕಲ್ಲಿನ ಮೇಲೆ ರಬ್ಬರ್ ಚೆನ್ನಾಗಿ ಕೂರುತ್ತದೆ. ಸೀಳು ಜಾಸ್ತಿಯಾದರೆ ನಾಬ್ ಬಲ ಕಳೆದುಕೊಳ್ಳುತ್ತದೆ, ಬೇಗ ಹರಿಯುತ್ತದೆ. ನಡುವಿನ ನಾಬ್‌ಗಳ ಮುಂದಿನ ಅಂಚು ಇಳಿಜಾರಾಗಿದ್ದರೆ ಟೈರ್ ಹಗುರಾಗಿ ಉರುಳುತ್ತದೆ. ಹಿಂದಿನ ಅಂಚು ನೇರವಾಗಿ ನಿಂತಿದ್ದರೆ ಬ್ರೇಕ್ ಹಿಡಿದಾಗ ಮಣ್ಣನ್ನು ಕಚ್ಚುತ್ತದೆ. ಪಕ್ಕದಲ್ಲಿರುವ ಬಾಣದ ಗುರುತು ತಿರುಗುವ ದಿಕ್ಕಿನದು. ಅವಸರದಲ್ಲಿ ಉಲ್ಟಾ ಹಾಕಿದರೆ ಈ ಲೆಕ್ಕವೆಲ್ಲ ತಲೆಕೆಳಗು.

ರಬ್ಬರ್

ರಬ್ಬರಿನ ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಹೇಳುತ್ತಾರೆ. 42ರ ಆಸುಪಾಸು ತುಂಬ ಮೃದು, ಡೌನ್‌ಹಿಲ್ ಟೈರಿನದು. 60ರ ಆಸುಪಾಸು ಗಟ್ಟಿ, ಬಾಳಿಕೆಯದು. ಆದರೆ ಅಂಕಿ ಒಂದೇ ಎಲ್ಲ ಹೇಳುವುದಿಲ್ಲ. ಒತ್ತಿದ ರಬ್ಬರ್ ಎಷ್ಟು ನಿಧಾನವಾಗಿ ವಾಪಸ್ ಏಳುತ್ತದೆ ಎನ್ನುವುದೂ ಮುಖ್ಯ. ನಿಧಾನವಾಗಿ ಏಳುವ ರಬ್ಬರ್ ಕಲ್ಲಿಗೆ ತಾಗಿ ಪುಟಿಯದೆ ಅಲ್ಲೇ ಕೂರುತ್ತದೆ. ಆ ಕೂರುವ ಗುಣವೇ ತುಳಿಯುವಾಗ ಭಾರವಾಗಿ ಕಾಲಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಎರಡು ಟೈರುಗಳ ಅಂಚಿನ ನಾಬಿಗೆ ಉಗುರು ಒತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದರಲ್ಲಿ ಗುರುತು ತಕ್ಷಣ ಮಾಯ, ಇನ್ನೊಂದರಲ್ಲಿ ಒಂದು ಗಳಿಗೆ ನಿಂತು ಮಾಯ.

ಕಂಪನಿಗಳು ಇದಕ್ಕೆ ತಮ್ಮದೇ ಹೆಸರಿಟ್ಟಿವೆ. ಮ್ಯಾಕ್ಸಿಸ್‌ನಲ್ಲಿ ಗಟ್ಟಿಯಿಂದ ಮೃದುವಿಗೆ ಮ್ಯಾಕ್ಸ್‌ಸ್ಪೀಡ್, ಮ್ಯಾಕ್ಸ್‌ಟೆರಾ, ಮ್ಯಾಕ್ಸ್‌ಗ್ರಿಪ್. ಶ್ವಾಲ್ಬೆಯ ಆಡಿಕ್ಸ್ ಸಾಲಿನಲ್ಲಿ ಟೈರಿನ ಮೇಲಿನ ಗೆರೆಯ ಬಣ್ಣವೇ ಗುರುತು: ಕೆಂಪು ಸ್ಪೀಡ್, ನೀಲಿ ಸ್ಪೀಡ್‌ಗ್ರಿಪ್, ಕಿತ್ತಳೆ ಸಾಫ್ಟ್, ನೇರಳೆ ಅಲ್ಟ್ರಾ ಸಾಫ್ಟ್. ಒಂದೇ ಹೆಸರಿನ, ಒಂದೇ ನಾಬಿನ ಟೈರ್ ಬೇರೆ ಬೇರೆ ರಬ್ಬರಿನಲ್ಲಿ ಬರುತ್ತದೆ. ಗೆಳೆಯನ ಬೈಕಿನಲ್ಲಿ ಅದ್ಭುತವಾಗಿದ್ದ ಟೈರ್ ನಿಮ್ಮ ಬೈಕಿನಲ್ಲಿ ಜಾರುತ್ತಿದೆ ಎಂದರೆ ಮೊದಲು ಈ ಹೆಸರನ್ನು ಹೋಲಿಸಿ ನೋಡಿ. ಚಳಿಯಲ್ಲಿ ರಬ್ಬರ್ ಗಟ್ಟಿಯಾಗುತ್ತದೆ. ಬೇಸಿಗೆಗೆ ಸರಿಹೋದದ್ದು ಹೆಪ್ಪುಗಟ್ಟುವ ಮುಂಜಾವಿನಲ್ಲಿ ಬೇರೆಯದೇ ಟೈರಿನಂತೆ ವರ್ತಿಸಬಹುದು.

ಕೇಸಿಂಗ್: ಯಾರೂ ನೋಡದ ಭಾಗ

ನಾಬಿನ ಕೆಳಗಿರುವ ನೂಲಿನ ಬಟ್ಟೆ ಮತ್ತು ರಬ್ಬರಿನ ಒಡಲೇ ಕೇಸಿಂಗ್. ಟೈರಿನ ಮೇಲೆ 60 ಅಥವಾ 120 ಟಿಪಿಐ ಎಂದು ಬರೆದಿದ್ದರೆ ಒಂದು ಇಂಚಿನಲ್ಲಿ ಅಷ್ಟು ನೂಲಿದೆ ಎಂದರ್ಥ. ಎಳೆ ಹೆಚ್ಚಿದ್ದರೆ ನೂಲು ತೆಳು, ಟೈರ್ ಬಳುಕುವಂಥದ್ದು, ನೆಲಕ್ಕೆ ಹೊಂದಿಕೊಳ್ಳುವಂಥದ್ದು. ಎಳೆ ಕಡಿಮೆಯಿದ್ದರೆ ದಪ್ಪ, ಒರಟು, ಗಟ್ಟಿಮುಟ್ಟು.

ತಿರುವಿಗೂ ಇದಕ್ಕೂ ಏನು ಸಂಬಂಧ? ಜೋರಾಗಿ ತಿರುಗುವಾಗ ನೆಲ ಟೈರಿನ ತುದಿಯನ್ನು ಒಂದು ಕಡೆ ತಳ್ಳುತ್ತದೆ, ರಿಮ್ ಇನ್ನೊಂದು ಕಡೆ ಹೋಗುತ್ತದೆ. ನಡುವೆ ಪಕ್ಕದ ಗೋಡೆ ಬಾಗುತ್ತದೆ. ತೆಳು ಗೋಡೆ, ಕಡಿಮೆ ಗಾಳಿ ಎರಡೂ ಸೇರಿದರೆ ಟೈರ್ ರಿಮ್ಮಿನ ಕೆಳಗೇ ಮಡಚಿಕೊಳ್ಳುತ್ತದೆ, ಅಂಚಿನ ನಾಬ್ ತಾನು ಇರಬೇಕಾದ ಕೋನದಲ್ಲಿ ಇರುವುದೇ ಇಲ್ಲ. ಇದನ್ನು ತಪ್ಪಿಸಲು ಗಾಳಿ ಜಾಸ್ತಿ ಹಾಕಿದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ. ದಪ್ಪ ಕೇಸಿಂಗಿನ ದೊಡ್ಡ ಲಾಭ ಪಂಚರ್ ತಡೆಯುವುದು ಎಂದು ಹಲವರು ತಿಳಿದಿದ್ದಾರೆ. ನಮ್ಮ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಲಾಭ, ಮಡಚಿಕೊಳ್ಳದೆ ಕಡಿಮೆ ಗಾಳಿಯಲ್ಲಿ ಓಡಿಸಲು ಬಿಡುವುದು.

29 ಇಂಚಿನ ಟೈರಿನ ತೂಕ ನೋಡಿದರೆ ಕೇಸಿಂಗ್ ಹೆಚ್ಚುಕಡಿಮೆ ಗೊತ್ತಾಗುತ್ತದೆ. 600ರಿಂದ 750 ಗ್ರಾಂ ಇದ್ದರೆ ಕ್ರಾಸ್‌ಕಂಟ್ರಿಯದು (ಏರಿಳಿತದ ಹಾದಿಯ ವೇಗದ ಓಟ), 850ರಿಂದ 1,000 ಗ್ರಾಂ ಸಾಮಾನ್ಯ ಟ್ರೈಲ್, ಅಂದರೆ ಕಾಡುಹಾದಿಯ ಸವಾರಿಯದು, 1,100ರಿಂದ 1,250 ಎಂಡ್ಯೂರೋ (ಇಳಿತಗಳಿಗೆ ಮಾತ್ರ ಸಮಯ ಎಣಿಸುವ ಸ್ಪರ್ಧೆ), ಅದಕ್ಕೂ ಮೇಲೆ ಡೌನ್‌ಹಿಲ್. ಮ್ಯಾಕ್ಸಿಸ್‌ನ ಎಕ್ಸೋ, ಎಕ್ಸೋ ಪ್ಲಸ್, ಡಬಲ್‌ಡೌನ್, ಡಿಎಚ್ ಎಂಬ ಹೆಸರುಗಳು ಈ ಏರುಕ್ರಮದಲ್ಲೇ ಇವೆ. ಶ್ವಾಲ್ಬೆ 2024ರಲ್ಲಿ ರೇಡಿಯಲ್ ಎಂಬ ಕೇಸಿಂಗ್ ತಂದಿತು. ಸಾಮಾನ್ಯ ಟೈರಿನಲ್ಲಿ ನೂಲು ಸುಮಾರು 45 ಡಿಗ್ರಿ ಓರೆಯಾಗಿ ಹಾಯುತ್ತದೆ. ರೇಡಿಯಲ್‌ನಲ್ಲಿ ಅದು ಚಕ್ರಕ್ಕೆ ಇನ್ನೂ ಹೆಚ್ಚು ಅಡ್ಡವಾಗಿ ಹಾಯುವುದರಿಂದ ಟೈರ್ ಉಬ್ಬುತಗ್ಗಿಗೆ ಸುಲಭವಾಗಿ ಬಾಗುತ್ತದೆ, ತಾಗುವ ಜಾಗ ದೊಡ್ಡದಾಗುತ್ತದೆ. ಬಳುಕು ಹೆಚ್ಚಿರುವುದರಿಂದ ಅದಕ್ಕೆ ಮಾಮೂಲಿಗಿಂತ ತುಸು ಹೆಚ್ಚು ಗಾಳಿ ಹಾಕಬೇಕು.

ಅಗಲ ಮತ್ತು ರಿಮ್

ಟೈರಿನ ಪಕ್ಕದಲ್ಲಿ 61-622 ಎಂದಿದ್ದರೆ ಅಗಲ ಸುಮಾರು 61 ಮಿಲಿಮೀಟರ್, ಅಂದರೆ 2.4 ಇಂಚು. 622 ಎನ್ನುವುದು ಟೈರಿನ ಬೀಡ್ (ರಿಮ್ಮಿಗೆ ಕಚ್ಚಿಕೊಳ್ಳುವ ಒಳ ಅಂಚು) ಕೂರುವ ವ್ಯಾಸ, 29 ಇಂಚಿನ ಚಕ್ರದ್ದು. 27.5 ಇಂಚಿನದಾದರೆ 584. ಟೈರ್ ಎಷ್ಟು ಅಗಲ ಎನ್ನುವುದಕ್ಕಿಂತ ಅದು ಯಾವ ರಿಮ್ಮಿನ ಮೇಲೆ ಕೂತಿದೆ ಎನ್ನುವುದು ತಿರುವಿಗೆ ಹೆಚ್ಚು ಮುಖ್ಯ. ರಿಮ್ಮಿನ ಒಳ ಅಗಲ ಕಡಿಮೆಯಿದ್ದು ಟೈರ್ ಅಗಲವಾದರೆ ಅದರ ಆಕಾರ ಬಲ್ಬಿನಂತೆ ಆಗುತ್ತದೆ: ಬುಡ ಸಣ್ಣ, ತಲೆ ದಪ್ಪ, ತಿರುವಿನಲ್ಲಿ ತೂಗಾಟ. ರಿಮ್ ತೀರಾ ಅಗಲವಾದರೆ ಟೈರ್ ಚೌಕವಾಗಿ ಅಂಚಿನ ನಾಬ್‌ಗಳು ನಡುವಿನವುಗಳ ಮಟ್ಟಕ್ಕೇ ಬಂದು, ನೇರ ಓಟದಲ್ಲೂ ನೆಲಕ್ಕೆ ಉಜ್ಜುತ್ತವೆ. ವಾಲಿಸಿದಾಗ ಮಿತಿ ಬೇಗ ಬಂದುಬಿಡುತ್ತದೆ. 2.4ರಿಂದ 2.6 ಇಂಚಿನ ಟೈರಿಗೆ 30 ಮಿಲಿಮೀಟರ್ ಒಳ ಅಗಲದ ರಿಮ್ ಒಳ್ಳೆಯ ಜೋಡಿ. 25 ಮಿಲಿಮೀಟರ್ ರಿಮ್ ಇದ್ದರೆ 2.25ರಿಂದ 2.4ರೊಳಗೆ ಇರಿ. ಮ್ಯಾಕ್ಸಿಸ್ ಟೈರಿನ ಮೇಲೆ ಡಬ್ಲ್ಯುಟಿ ಎಂದಿದ್ದರೆ ಅದನ್ನು 30ರಿಂದ 35 ಮಿಲಿಮೀಟರ್ ರಿಮ್ಮಿಗೆಂದು ಹದಗೊಳಿಸಿದ್ದಾರೆ. ಕೊಳ್ಳುವ ಮೊದಲು ಫೋರ್ಕ್ ಮತ್ತು ಹಿಂದಿನ ಫ್ರೇಮಿನ ನಡುವೆ ಜಾಗವಿದೆಯೇ ನೋಡಿ. ಎರಡೂ ಬದಿ ಕನಿಷ್ಠ 6 ಮಿಲಿಮೀಟರ್ ಬಿಡುವು ಇಲ್ಲದಿದ್ದರೆ ಕೆಸರು ಮೆತ್ತಿದಾಗ ಫ್ರೇಮ್ ಉಜ್ಜಿಹೋಗುತ್ತದೆ.

ಗಾಳಿ: ಖರ್ಚಿಲ್ಲದ ಸುಧಾರಣೆ

ಟೈರ್ ನೆಲಕ್ಕೆ ತಾಗುವ ಜಾಗದ ಲೆಕ್ಕ ಸರಳ: ಚಕ್ರದ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿ. 75 ಕೆಜಿ ಸವಾರ, 15 ಕೆಜಿ ಬೈಕ್, ಮುಂದಿನ ಚಕ್ರದ ಮೇಲೆ ಶೇಕಡಾ 40 ಅಂದುಕೊಂಡರೆ 36 ಕೆಜಿ. 22 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 1.55 ಕೆಜಿ. ತಾಗುವ ಜಾಗ ಸುಮಾರು 23 ಚದರ ಸೆಂಟಿಮೀಟರ್. ಅದೇ 30 ಪಿಎಸ್‌ಐ ಹಾಕಿದರೆ 17ಕ್ಕೆ ಇಳಿಯುತ್ತದೆ. ಕೇಸಿಂಗ್ ತಾನೇ ಸ್ವಲ್ಪ ಭಾರ ಹೊರುವುದರಿಂದ ನಿಜದ ಅಂಕಿ ಚೂರು ಕಡಿಮೆ, ಆದರೆ ಅನುಪಾತ ಇದೇ. ಹೊಸ ಟೈರ್ ಕೊಂಡರೂ ಸಿಗದಷ್ಟು ವ್ಯತ್ಯಾಸ ವಾಲ್ವಿನಲ್ಲಿ ಸಿಗುತ್ತದೆ.

ಟ್ಯೂಬ್‌ಲೆಸ್, 2.4 ಇಂಚು, 30 ಮಿಲಿಮೀಟರ್ ರಿಮ್, 75 ಕೆಜಿ ಸವಾರ: ಮುಂದೆ 22, ಹಿಂದೆ 25 ಪಿಎಸ್‌ಐನಿಂದ ಆರಂಭಿಸಿ. ತೂಕದಲ್ಲಿ ಪ್ರತಿ 5 ಕೆಜಿಗೆ ಸುಮಾರು 1 ಪಿಎಸ್‌ಐ ಏರಿಳಿಸಿ. ಒಳಗೆ ಟ್ಯೂಬ್ ಇದ್ದರೆ 3ರಿಂದ 5 ಹೆಚ್ಚು ಬೇಕು. ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಇವು ಆರಂಭದ ಅಂಕಿಗಳು ಮಾತ್ರ. ರಿಮ್ ಮತ್ತು ಟೈರಿನ ಮೇಲೆ ಬರೆದ ಗರಿಷ್ಠ, ಕನಿಷ್ಠ ಮಿತಿ ದಾಟಬೇಡಿ.

ನಿಖರ ಅಂಕಿ ಹುಡುಕಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ತಿರುವನ್ನು, ಒಂದೇ ವೇಗದಲ್ಲಿ, ಮತ್ತೆ ಮತ್ತೆ ಓಡಿಸಿ. ಪ್ರತಿ ಸಲ ಮುಂದಿನ ಟೈರಿನಲ್ಲಿ ಮಾತ್ರ 1 ಪಿಎಸ್‌ಐ ಇಳಿಸಿ. ಮೊದಲು ಪುಟಿತ ಕಡಿಮೆಯಾಗಿ ಹಿಡಿತ ಹೆಚ್ಚುತ್ತದೆ. ಮುಂದೊಂದು ಹಂತದಲ್ಲಿ ಹ್ಯಾಂಡಲ್ ತಿರುಗಿಸಿದ್ದಕ್ಕೂ ಬೈಕ್ ತಿರುಗುವುದಕ್ಕೂ ನಡುವೆ ತಡವಾದಂತೆ, ಟೈರ್ ಕೆಳಗೆ ಹೊರಳಿದಂತೆ ಅನ್ನಿಸುತ್ತದೆ. ಅಲ್ಲಿಂದ 1 ಅಥವಾ 2 ಪಿಎಸ್‌ಐ ಏರಿಸಿ ನಿಲ್ಲಿಸಿ. ಆಮೇಲೆ ಹಿಂದಿನದು. ಅಲ್ಲಿ ಮಿತಿ ಹೇಳುವುದು ತಿರುವಲ್ಲ, ರಿಮ್ ಕಲ್ಲಿಗೆ ಬಡಿಯುವ ಸದ್ದು. ತಿರುವಿನಲ್ಲಿ ಪುಸ್ಸೆಂದು ಸದ್ದಾಗಿ ರಿಮ್ಮಿನ ಅಂಚಿನಲ್ಲಿ ಸೀಲೆಂಟ್ (ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ) ಹನಿ ಕಂಡರೆ ಬೀಡ್ ಒಂದು ಕ್ಷಣ ಸಡಿಲವಾಗಿ ಗಾಳಿ ಬಿಟ್ಟಿದೆ ಎಂದು ಅರ್ಥ. ಅದು ನಿಮ್ಮ ಕೆಳಮಿತಿ ದಾಟಿದ ಗುರುತು. ಇನ್ನೂ ಇಳಿಸಲೇಬೇಕೆಂದಿದ್ದರೆ ದಪ್ಪ ಕೇಸಿಂಗ್ ಅಥವಾ ಒಳಗೆ ಕೂರಿಸುವ ಫೋಮ್ ಇನ್ಸರ್ಟ್ ಬೇಕು.

ಅಳೆಯುವ ಸಾಧನ ಮಾತ್ರ ಒಂದೇ ಇರಲಿ. 160 ಪಿಎಸ್‌ಐವರೆಗೆ ಓದುವ ಪಂಪಿನ ಮುಳ್ಳು 20ರ ಹತ್ತಿರ ನಂಬಲರ್ಹವಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಗೇಜ್ ಕೊಳ್ಳಿ. ಹವೆ 10 ಡಿಗ್ರಿ ತಣ್ಣಗಾದರೆ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬೆಚ್ಚಗಿನ ಮನೆಯೊಳಗೆ ಗಾಳಿ ಹಾಕಿ ಚಳಿಯ ಬೆಟ್ಟಕ್ಕೆ ಹೋಗುವವರು ಹಾದಿಯ ಬುಡದಲ್ಲಿ ಮತ್ತೆ ಅಳೆಯಬೇಕು.

ಮುಂದೊಂದು, ಹಿಂದೊಂದು

ಎರಡೂ ಚಕ್ರಕ್ಕೆ ಒಂದೇ ಟೈರ್ ಬೇಕಿಲ್ಲ. ಹಿಂದಿನ ಚಕ್ರ ಜಾರಿದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ, ಮುಂದಿನದು ಜಾರಿದರೆ ನೆಲವೇ ಗತಿ. ಆದ್ದರಿಂದ ಮೃದು ರಬ್ಬರ್, ಗಟ್ಟಿ ಅಂಚಿನ ನಾಬ್ ಮುಂದಿನದಕ್ಕೆ. ಹಿಂದಿನದು ಹೆಚ್ಚು ಭಾರ ಹೊರುತ್ತದೆ, ಬೇಗ ಸವೆಯುತ್ತದೆ, ಕಲ್ಲಿಗೆ ಹೆಚ್ಚು ಬಡಿಯುತ್ತದೆ. ಅಲ್ಲಿ ತುಸು ಗಟ್ಟಿ ರಬ್ಬರ್, ಗಿಡ್ಡ ನಡು ನಾಬ್, ಒಂದು ಮಟ್ಟ ದಪ್ಪದ ಕೇಸಿಂಗ್. ಮುಂದೆ ಮ್ಯಾಕ್ಸ್‌ಗ್ರಿಪ್ ಅಸೆಗಾಯ್, ಹಿಂದೆ ಮ್ಯಾಕ್ಸ್‌ಟೆರಾ ಮಿನಿಯನ್ ಡಿಎಚ್‌ಆರ್ 2 ಎನ್ನುವ ಜೋಡಿ ಇಷ್ಟು ಬಳಕೆಯಲ್ಲಿರುವುದು ಇದೇ ತರ್ಕಕ್ಕೆ. ಕಾಂಟಿನೆಂಟಲ್ ಕಂಪನಿ ತನ್ನ ಕ್ರಿಪ್ಟೋಟಾಲ್ ಟೈರನ್ನು ಮುಂದಕ್ಕೆ, ಹಿಂದಕ್ಕೆ ಎಂದು ಬೇರೆ ಬೇರೆಯಾಗಿಯೇ ಮಾಡುತ್ತದೆ. ಹಿಂದೆ ಮೃದು, ಮುಂದೆ ಗಟ್ಟಿ ಹಾಕುವುದು ಮಾತ್ರ ಎಂದಿಗೂ ಬೇಡ: ಬೈಕ್ ಯಾವ ಸೂಚನೆಯನ್ನೂ ಕೊಡದೆ ಮುಂದಿನಿಂದ ಕಳಚಿಕೊಳ್ಳುತ್ತದೆ.

ಟೈರನ್ನು ಬೈಯುವ ಮೊದಲು ಒಂದು ಸಣ್ಣ ಪರೀಕ್ಷೆ. ಜಾರಿದ್ದು ತಿರುವಿನ ಯಾವ ಹಂತದಲ್ಲಿ? ಒಳಹೊಗುವಾಗಲೇ, ಬ್ರೇಕ್ ಹಿಡಿದಿದ್ದಾಗ ಜಾರಿದ್ದರೆ ತಪ್ಪು ಟೈರಿನದ್ದಲ್ಲದೆ ಇರಬಹುದು. ಟೈರಿನ ಬಳಿ ಇರುವ ಹಿಡಿತವನ್ನು ಬ್ರೇಕ್ ಮತ್ತು ತಿರುವು ಹಂಚಿಕೊಳ್ಳುತ್ತವೆ, ಎರಡಕ್ಕೂ ಪೂರ್ತಿ ಸಿಗುವುದಿಲ್ಲ. ತಿರುವಿನ ನಡುವೆ ಮುಂದಿನದು ಜಾರಿ ಮತ್ತೆ ಹಿಡಿದರೆ ಕಾಲುವೆಯ ಸಮಸ್ಯೆ. ಪೂರ್ತಿ ವಾಲಿಸಿದ ಮೇಲೂ ಸದ್ದಿಲ್ಲದೆ ಜಾರುತ್ತಾ ಹೋದರೆ ಗಾಳಿ ಹೆಚ್ಚಾಗಿದೆ ಅಥವಾ ನಾಬ್ ಸವೆದಿದೆ.

ಸವೆತ

ಟೈರ್ ಮುಗಿಯಿತು ಎನ್ನಲು ನಾಬ್ ಪೂರ್ತಿ ಮಾಯವಾಗಬೇಕಿಲ್ಲ. ಹಿಂದಿನ ಟೈರಿನಲ್ಲಿ ನಡು ನಾಬ್‌ಗಳ ಚೂಪಾದ ಅಂಚು ದುಂಡಗಾದಾಗಲೇ ಬ್ರೇಕಿನ ಹಿಡಿತ ಹೋಗಿರುತ್ತದೆ. ಮುಂದಿನದರಲ್ಲಿ ಅಂಚಿನ ನಾಬನ್ನು ಹೆಬ್ಬೆರಳಿನಿಂದ ಹೊರಕ್ಕೆ ಬಾಗಿಸಿ ಬುಡ ನೋಡಿ. ಅಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಆ ನಾಬ್ ಎತ್ತರ ಎಷ್ಟೇ ಉಳಿದಿರಲಿ, ಜೋರು ತಿರುವಿನಲ್ಲಿ ಮಡಚುತ್ತದೆ, ಒಂದು ದಿನ ಹರಿದೇ ಹೋಗುತ್ತದೆ. ಇಂಥ ಟೈರನ್ನು ಹಿಂದಕ್ಕೆ ಹಾಕಿ, ಹೊಸದನ್ನು ಯಾವಾಗಲೂ ಮುಂದಕ್ಕೇ ಹಾಕಿ. ಹಿಂದಕ್ಕೆ ಹಾಕುವಾಗ ಒಳಗಿನ ಒಣಗಿದ ಸೀಲೆಂಟ್ ಪೊರೆ ಸುಲಿದು, 29 ಇಂಚಿನ 2.4 ಟೈರಿಗೆ 100 ಮಿಲಿಲೀಟರ್‌ನಷ್ಟು ಹೊಸ ಸೀಲೆಂಟ್ ಸುರಿಯಿರಿ. ಅದು ಕೆಲವೇ ತಿಂಗಳಲ್ಲಿ ಒಣಗುತ್ತದೆ, ಬಿಸಿ ಹವೆಯಲ್ಲಿ ಇನ್ನೂ ಬೇಗ.

ಹೊಸ ಟೈರ್ ಮೊದಲ ಕೆಲವು ಕಿಲೋಮೀಟರ್ ಜಾರುವುದು ಸಹಜ, ಅಚ್ಚಿನಿಂದ ಬಂದ ನುಣುಪು ಮೇಲ್ಮೈ ಇನ್ನೂ ಉಜ್ಜಿಹೋಗಿರುವುದಿಲ್ಲ. ನಡು ನಾಬ್‌ಗಳ ನುಣುಪು ನೇರ ಓಟದಲ್ಲೇ ಹೋಗುತ್ತದೆ, ಅಂಚಿನದು ವಾಲಿಸದೆ ಹೋಗುವುದಿಲ್ಲ. ನೇರ ಹಾದಿಯಲ್ಲಿ ಚೆನ್ನಾಗಿ ಹಿಡಿಯುತ್ತಿದೆ ಎಂದು ಮೊದಲ ತಿರುವಿಗೇ ಪೂರ್ತಿ ವೇಗದಲ್ಲಿ ನುಗ್ಗಬೇಡಿ. ನಿಧಾನದ ತಿರುವುಗಳಲ್ಲಿ ಎರಡೂ ಬದಿಗೆ ಒಂದಷ್ಟು ಸಲ ವಾಲಿಸಿ, ಅಂಚಿನ ನಾಬ್ ಮಂಕಾದ ಮೇಲೆ ವೇಗ ಏರಿಸಿ.